ಮೂರನೆಯ ಕಪಾಟಿನ ಸಾಲಿಗ್ರಾಮ

"ಇದು ನಮ್ಮ ದೇವರಲ್ಲ" ಎಂದು ಮಾರ್ತಾಂಡರಾಯರು ಸಾಲಿಗ್ರಾಮವನ್ನು ಅಭಿಷೇಕದ ತಟ್ಟೆಯಿಂದ ಎತ್ತಿ ಪಕ್ಕಕ್ಕಿಟ್ಟದ್ದು ಗುರುವಾರ. ಅಂದಿನಿಂದ ತುತ್ತು ಮುಟ್ಟಿಲ್ಲ. ದೇವರ ತೀರ್ಥ ತೆಗೆದುಕೊಳ್ಳದೆ ಜನ್ಮದಲ್ಲಿ ಉಂಡವರಲ್ಲ. ಎಪ್ಪತ್ತೆಂಟರ ಜೀವ, ಎರಡೂ ಕಣ್ಣಿಗೆ ಪೊರೆ. ರವಿವಾರದ ಹೊತ್ತಿಗೆ ದನಿಯೂ ಕುಗ್ಗಿತು. ಮಗ ಅವಧೂತ ಹೆದರಿ ನಿಜ ಬಾಯಿಬಿಟ್ಟ.

ಅವನು ಪುಣೆಯ ಒಂದು ಕಾಲೇಜಿನ ಕಲ್ಲುಗಳ ಸಂಗ್ರಹಾಲಯದಲ್ಲಿ ಚೀಟಿ ಬರೆಯುವ ಗುಮಾಸ್ತ. ಯಾವುದೋ ಕಾಲದಲ್ಲಿ ಸಮುದ್ರದಲ್ಲಿದ್ದು ನಿರ್ವಂಶವಾದ ಸುರುಳಿ ಚಿಪ್ಪಿನ ಪ್ರಾಣಿಗಳು ಕಲ್ಲಾಗಿ ಎಲ್ಲೆಲ್ಲಿ ಸಿಕ್ಕವು ಎಂದು ಅಲ್ಲಿಯ ಬಿಳಿ ಪ್ರೊಫೆಸರ್ ನಕಾಶೆ ಮಾಡುತ್ತಿದ್ದ. ಸಾಲಿಗ್ರಾಮದ ಹೊಟ್ಟೆಯಲ್ಲೂ ಅದೇ ಪ್ರಾಣಿ, ಗಂಡಕಿ ನದಿಯದೊಂದು ಸಿಕ್ಕರೆ ಹೋಲಿಸಬಹುದಿತ್ತು ಅಂದ. ಸಾಹೇಬ ಶಹಬ್ಬಾಸ್ ಅಂದಾನೆಂಬ ಆಸೆಗೆ ಈ ಮಹಾನುಭಾವ ಮನೆದೇವರನ್ನೇ ರುಮಾಲಿನಲ್ಲಿ ಕಟ್ಟಿಕೊಂಡು ಹೋದ! ಸಂಜೆ ಅದಲುಬದಲಾಗಿ ವಾಪಸು ತಂದದ್ದು ಹಿಮಾಲಯದ ಸ್ಪಿತಿ ಕಣಿವೆಯ ಇನ್ನೊಂದು ಕರಿಗುಂಡು. ಆಮೇಲೆ ಎಷ್ಟು ಹುಡುಕಿದರೂ ಎಲ್ಲಾ ಒಂದೇ ಥರ ಕಂಡವು. ಗುರುತು ಗೊತ್ತಿದ್ದದ್ದು ಅಪ್ಪನ ಬೆರಳುಗಳಿಗೆ ಮಾತ್ರ.

ಮಧ್ಯಾಹ್ನ ಟಾಂಗಾ ಮಾಡಿ ಅಪ್ಪನನ್ನು ಕರೆತಂದ. ರಜೆಯ ಕಾಲೇಜಿನಲ್ಲಿ ನರಪಿಳ್ಳೆ ಇರಲಿಲ್ಲ. ಅವಧೂತ ಕಪಾಟಿನ ಖಾನೆಗಳನ್ನು ಒಂದೊಂದಾಗಿ ಎಳೆದ. ರಾಯರು ಕಲ್ಲುಗಳನ್ನು ತಡವುತ್ತ ಹೋದರು.

"ಎಲ್ಲಿಂದ ಬಂದಾವೋ ಇವು?"

"ಇವು ಕಚ್ಛದವರಿ. ಆ ಕಡೀವು ತಿರುಚಿನಾಪಳ್ಳಿಯವು. ಕೆಳಗಿನವು ಮಡಗಾಸ್ಕರ ದ್ವೀಪದ್ವು."

"ಒಟ್ಟು ಎಷ್ಟು?"

"ಹನ್ನೆರಡ್ನೂರರ ಮ್ಯಾಲ ಅವರಿ."

"ಅಯ್ಯ ಶ್ರೀಹರಿ! ಇಷ್ಟೂ ಉಪವಾಸ ಕೂತಾವ?"

"ಅಪ್ಪಾ, ಇವು ದೇವರಲ್ಲರಿ. ಸತ್ತು ಕಲ್ಲಾದ ಹುಳ."

"ಸತ್ತಾವಂತ ನಿನಗ್ಯಾರು ಹೇಳಿದ್ರೋ?"

ಅವಧೂತ ಮುಂದಿನ ಖಾನೆ ಎಳೆದ.

ಮೂರನೆಯ ಕಪಾಟಿನಲ್ಲಿ ರಾಯರ ಕೈ ನಿಂತಿತು. ಪೊರೆಗಣ್ಣಿನಿಂದ ದಳದಳ ನೀರು. "ಇಲ್ಲಿದ್ದೀಯಲ್ಲೋ, ನನ್ನಪ್ಪ!" ಮಗ ಸದ್ಯ ಬದುಕಿದೆ ಎಂದುಕೊಂಡು ಕಲ್ಲನ್ನು ಎತ್ತಲು ಹೋದ. ಅದು ಬರಲಿಲ್ಲ. ಒಂದು ನಿಂಬೆಹಣ್ಣಿನಷ್ಟು ಕಲ್ಲು, ಬರೀ ಹತ್ತಿಯ ಮೇಲೆ ಕೂತದ್ದು. ಎರಡೂ ಕೈ ಹಾಕಿ ಜಗ್ಗಿದ. ಆ ಖಾನೆಯ ಕಲ್ಲುಗಳೆಲ್ಲ ಕಟಕಟ ಎಂದವು. ಮುಚ್ಚಿದ ಖಾನೆಗಳ ಒಳಗೂ ಸದ್ದು ಎದ್ದಿತು, ಒಂದರ ಹಿಂದೆ ಒಂದು, ಗೋಡೆಯ ಆ ತುದಿಯವರೆಗೆ.

"ಜಗ್ಗಬ್ಯಾಡೋ" ಎಂದರು ರಾಯರು ಮೆಲ್ಲಗೆ. "ಭಾಳ ದಿನಕ್ಕ ತನ್ನ ಮಂದಿ ನಡುವ ಕೂತದ. ಬರಂಗಿಲ್ಲ ಅಂತದ."

"ಮತ್ತ ನಿಮ್ಮ ಊಟ?" ಅವಧೂತ ಅತ್ತೇ ಬಿಟ್ಟ. "ತೀರ್ಥ ಇಲ್ಲದ ಹಿಂಗ ಉಪವಾಸ ಕೂತರ ಸಾಯ್ತೀರಿ, ಅಪ್ಪಾ!"

ರಾಯರು ಆ ಕಲ್ಲಿನ ಬುಡಕ್ಕೆ ಅಂಗೈ ಒಡ್ಡಿ, ಮೂರು ಸಲ ಬಾಯಿಗೆ ಹಾಕಿಕೊಂಡರು. ಮೂರು ಸಲವೂ ಗಂಟಲು ಗುಟುಕ್ ಎಂದಿತು. ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡರು.

"ಆತು. ನಡಿ, ಊಟಕ್ಕ ಹೋಗೂಣು."

ಅಪ್ಪ ಗೋಡೆ ಹಿಡಿದು ಬಾಗಿಲ ಕಡೆ ಹೊರಟ ಮೇಲೆ ಅವಧೂತ ತಾನೂ ಖಾನೆಗೆ ಕೈಯಿಟ್ಟ. ನಾಲ್ಕು ಬೆರಳು ಆಳದ ಖಾನೆ. ಉಪ್ಪುನೀರು ತಣ್ಣಗೆ ಅವನ ಮೊಣಕೈ ದಾಟಿ ಏರಿತು, ತಳ ಸಿಗಲಿಲ್ಲ.