ಆಮೆನ್‌ಗೆ ಮುಂಚೆ

ಜ್ವರದಲ್ಲಿ ಬೇಯುತ್ತಿರುವ ಕೂಸು ಬದುಕಿದರೆ ದಿನಾ ಬೆಳಗ್ಗೆ ಮಂಡಿಯೂರುತ್ತೇನೆ, ಯಾರೇ ಕರೆದರೂ ಆಮೆನ್ ಎನ್ನುವ ತನಕ ಏಳುವುದಿಲ್ಲ ಎಂದು ದರ್ಜಿಯಮ್ಮ ಕರ್ತನಿಗೆ ಮಾತು ಕೊಟ್ಟಿದ್ದಳು. ಆ ಕೂಸು ಈಗ ಕಾಲೇಜಿಗೆ ಹೋಗುತ್ತದೆ. ಅಮ್ಮ ಮಂಡಿಯೂರಿದರೆ ಇವತ್ತಿಗೂ ಮನೆಯಲ್ಲಿ ಯಾರೂ ತುಟಿಪಿಟಕ್ಕೆನ್ನುವುದಿಲ್ಲ.

ಇವತ್ತೇಕೋ ಮನಸ್ಸು ನಿಲ್ಲಲೊಲ್ಲದು. ತುಟಿ ಕರ್ತನ ಹೆಸರು ಹೇಳುತ್ತಿದ್ದರೆ, ತಲೆ ಸಂಜೆ ಕೊಡಬೇಕಾದ ಮದುವೆ ಗೌನಿನ ತೋಳು ಹೊಲಿಯುತ್ತಿತ್ತು. ಪಕ್ಕದ ಕೋಣೆಯಲ್ಲಿ, ಹಾಸಿಗೆ ಹಿಡಿದ ಅತ್ತೆಯ ಮಂಚ ಕಿರುಗುಟ್ಟಿತು. ಸುಮ್ಮನಾಯಿತು. ಮತ್ತೆ ಕಿರುಗುಟ್ಟಿತು. ನಿನ್ನೆಯೂ ಹೀಗೇ ಆಗಿತ್ತು. ಪ್ರಾರ್ಥನೆ ಮುಗಿಸಿ ಹೋಗಿ ನೋಡಿದರೆ, ಅತ್ತೆ ಒದ್ದೆ ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. "ಒಂದು ಸಲ ಕೂಗಬಾರದಿತ್ತಾ ಅತ್ತೆ?" ಎಂದಿದ್ದಕ್ಕೆ, "ದೇವರ ಹತ್ರ ಮಾತಾಡ್ತಿರೋಳನ್ನ ಬೆಡ್‌ಪ್ಯಾನ್ ಹಿಡಿ ಬಾ ಅಂತ ಕರೀಲೇನೆ?" ಎಂದಿದ್ದರು.

ಮಂಚ ಇನ್ನೊಮ್ಮೆ ಕಿರುಗುಟ್ಟಿತು. ದರ್ಜಿಯಮ್ಮ ಕಣ್ತೆರೆದಳು. "ಬಂದೆ ಅತ್ತೆ, ಒಂಚೂರು ತಡ್ಕೊಳ್ಳಿ!" ಎನ್ನುತ್ತಾ ಓಡಿದಳು.

"ಆಯ್ತೇನೆ ನಿನ್ನ ಪ್ರಾರ್ಥನೆ?" ಅತ್ತೆ ಗಾಬರಿಯಿಂದ ಕೇಳಿದರು.

"ಇಲ್ಲ. ಸೊಂಟ ಎತ್ತಿ."

ಹಾಸಿಗೆ ಇನ್ನೂ ಒದ್ದೆಯಾಗಿರಲಿಲ್ಲ. ಅವಳು ಆಮೆನ್ ಹೇಳಿರಲಿಲ್ಲ. ಕೊಟ್ಟ ಮಾತು ಮುರಿದಿತ್ತು.