ಬಾವಿಕಟ್ಟೆಯ ದೃಶ್ಯ

“ಅಲ್ಲಿ ಹಾಗಿರ್ಲಿಲ್ಲ” ಎಂದಳು ಹಂಸ.

ವಸಂತ್ ಓದುವುದನ್ನು ನಿಲ್ಲಿಸಿದ. ಹಳೆಯ ದೆವ್ವದ ಸಿನಿಮಾಗಳ ಬಗ್ಗೆ ತನ್ನದೇ ಒಂದು ಬ್ಲಾಗ್ ಬರೆಯಬೇಕೆಂಬುದು ವಿಮಾನ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅವನಿಗೆ ಹತ್ತಿದ್ದ ಹುಚ್ಚು. ಹೊಸ ತಿಪ್ಪಸಂದ್ರದ ಮನೆಯಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದೇ ಬೆರಳಲ್ಲಿ ಅಕ್ಷರ ಒತ್ತುತ್ತ, ಆ ಭಾನುವಾರ ಮೊದಲ ಬರಹವನ್ನು ಮುಗಿಸಿದ್ದ. ಎದುರಿಗೆ ಹೆಂಡತಿ ನೆನೆಸಿದ ಅವರೆಕಾಳು ಹಿತುಕುತ್ತ ಕೇಳುತ್ತಿದ್ದಳು.

ಬರಹ ಇದ್ದದ್ದು ಮದುವೆಯಾದ ಹೊಸತರಲ್ಲಿ ಇಬ್ಬರೂ ಶಿವಾಜಿನಗರದ ಟಾಕೀಸಿನಲ್ಲಿ ನೋಡಿದ್ದ ಒಂದು ಚಿತ್ರದ ಬಗ್ಗೆ. ಅದು ಒಂದೇ ವಾರ ಓಡಿ ಹೇಳಹೆಸರಿಲ್ಲದಂತಾಗಿತ್ತು. ಇಂಟರ್‌ನೆಟ್ಟಿನಲ್ಲಿ ಎಷ್ಟು ಹುಡುಕಿದರೂ ಒಂದು ತುಣುಕೂ ಸಿಕ್ಕಿರಲಿಲ್ಲ. ಇನ್ನು ತಾನು ಬರೆದದ್ದೇ ಆ ಚಿತ್ರ ಎಂದು ವಸಂತ್ ಬೆಳಗ್ಗೆ ಹೆಮ್ಮೆಯಿಂದ ಹೇಳಿಕೊಂಡಿದ್ದ. ಬಾವಿಯಲ್ಲಿ ಸತ್ತ ಹೆಂಗಸು ಮೇಲೆದ್ದು, ಕಟ್ಟೆಯ ಮೇಲೆ ಆಡುತ್ತ ಕೂತ ಮಗುವನ್ನು ಒಳಕ್ಕೆ ಎಳೆದುಕೊಳ್ಳುವ ದೃಶ್ಯವನ್ನಂತೂ ಮದುವೆಮನೆಗಳಲ್ಲಿ, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವನು ಹೇಳದ ವರ್ಷವೇ ಇರಲಿಲ್ಲ. ಕೇಳಿದವರಿಗೆ ಮೈ ಜುಮ್ಮೆನ್ನುತ್ತಿತ್ತು.

“ಹಾಗಿರ್ಲಿಲ್ಲ ಅಂದ್ರೆ? ನೀನು ಮುಖಕ್ಕೆ ಸೆರಗು ಮುಚ್ಕೊಂಡು ಕೂತಿದ್ದೆ.”

“ತೆಳು ಸೀರೆ ಕಣ್ರೀ. ನಂಗೆಲ್ಲಾ ಕಾಣ್ತಿತ್ತು. ಕಣ್ಣು ಮುಚ್ಕೊಂಡಿದ್ದು ನೀವು.”

ವಸಂತನಿಗೆ ಸಿಟ್ಟು ಬಂತು. ಎದ್ದು ಬಾಲ್ಕನಿಗೆ ಹೋಗಿ, ಮಾರ್ಕೆಟ್ ರಸ್ತೆಯಲ್ಲಿ ಚೀಲ ಹಿಡಿದು ಓಡಾಡುವವರನ್ನು ನೋಡುತ್ತ ನಿಂತ. ಆ ದೃಶ್ಯವನ್ನು ಮನಸ್ಸಿಗೆ ತಂದುಕೊಂಡ. ರಾಟೆ ಕಿರುಗುಟ್ಟಿದ್ದು ಕೇಳಿಸಿತು. ಹಿಂದಿನ ಸಾಲಿನಲ್ಲಿ ಯಾರೋ ಚೀರಿದ್ದು, ತನ್ನ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದು ನೆನಪಾಯಿತು. ಆದರೆ ಆ ಹೆಂಗಸು? ಅವಳ ಮುಖ ನೆನಪಿಗೆ ಬಂದಾಗಲೆಲ್ಲ ಅದರ ಅಂಚಿಗೆ ಟಾಕೀಸಿನ ಗೋಡೆಯೂ ಹರಿದ ಕಾಗದವೂ ಕಾಣುತ್ತಿದ್ದವು. ಅವನು ನೋಡಿದ್ದು ಪೋಸ್ಟರನ್ನು.

ಒಳಗೆ ಬಂದು ಕೂತು, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದ. ನೀವು ಹೇಳುವುದೂ ಚೆನ್ನಾಗಿಯೇ ಇತ್ತು, ಕೇಳುವವರ ಖುಷಿ ಯಾಕೆ ಕೆಡಿಸಲಿ ಎಂದು ಸುಮ್ಮನಿದ್ದೆ ಎಂದಳು ಹಂಸ. ಬಾಯಲ್ಲಿ ಹೇಳಿದ್ದು ಅಲ್ಲಿಗೇ ಮುಗಿಯುತ್ತದೆ, ಬರೆದದ್ದು ಹಾಗಲ್ಲವಲ್ಲ ಎಂದೂ ಸೇರಿಸಿದಳು. ವಸಂತ್ ಆ ದೃಶ್ಯದ ಇಡೀ ಪ್ಯಾರಾ ಅಳಿಸಿದ.

“ಏನಾಯ್ತು ಹೇಳು. ಮೆಲ್ಲಗೆ ಹೇಳು, ಟೈಪ್ ಮಾಡ್ತೀನಿ.”

ಹಂಸ ಕೈ ಒರೆಸಿಕೊಂಡು ಅವನ ಪಕ್ಕಕ್ಕೆ ಬಂದು ಕೂತಳು. ಹೆಂಗಸು ಬಾವಿಯಿಂದ ಎದ್ದು ಮಗುವಿನ ಬೆನ್ನ ಹಿಂದೆ ಕೂರುತ್ತಾಳೆ. ತನ್ನ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿದ್ದರೂ ಮಗುವಿನ ಸಿಕ್ಕು ಬಿಡಿಸಿ ಜಡೆ ಹೆಣೆಯುತ್ತಾಳೆ. ಮನೆಯವರು ಯಾರೋ ಇರಬೇಕೆಂದುಕೊಂಡು ಮಗು ತಿರುಗಿಯೂ ನೋಡುವುದಿಲ್ಲ. ಜಡೆ ಮುಗಿದ ಮೇಲೆ ಕಟ್ಟೆಯಿಂದ ಇಳಿದು ಮನೆಗೆ ಓಡುತ್ತದೆ. ಹೆಂಗಸು ಒಬ್ಬಳೇ ಮತ್ತೆ ಬಾವಿಗೆ ಇಳಿಯುತ್ತಾಳೆ.

ಹಾಡುಹಗಲಿನಲ್ಲಿ ವಸಂತನ ತೋಳಿನ ಕೂದಲು ನೆಟ್ಟಗಾಯಿತು. ಇದು ತಾನು ಹೇಳುತ್ತಿದ್ದುದಕ್ಕಿಂತ ಎಷ್ಟೋ ಮೇಲು ಅನ್ನಿಸಿ ನಗುವೂ ಬಂತು. ಸಂಜೆ ಬ್ಲಾಗಿಗೆ ಹಾಕುವಾಗ ಹಂಸಳ ಹೆಸರನ್ನು ಮೊದಲು ಬರೆದು, ತನ್ನದನ್ನು ಅದರ ಪಕ್ಕದಲ್ಲಿಟ್ಟ. ರಾತ್ರಿ ಹಿತುಕಿದ ಬೇಳೆ ಸಾರಿನಲ್ಲಿ ಇಬ್ಬರೂ ಚೆನ್ನಾಗಿ ಉಂಡರು.

ಮಾರನೆಯ ಬೆಳಗ್ಗೆ ಕಾಫಿ ಕುಡಿಯುತ್ತ ತೆರೆದಾಗ ಒಂದು ಪ್ರತಿಕ್ರಿಯೆ ಬಂದಿತ್ತು. ಬರೆದವರ ಹೆಸರು ಆತಿಕಾ. ವಸಂತ್ ಗಟ್ಟಿಯಾಗಿ ಓದಿದ:

“ಈ ಪಿಕ್ಚರ್‌ಗೆ ನಾನೂ ಅಮ್ಮಿ ಜೊತೆ ಹೋಗಿದ್ದೆ. ಬಾವಿಯಿಂದ ಆ ಕೈ ಮೇಲೆ ಬಂದ ತಕ್ಷಣ ಅಮ್ಮಿ ನನ್ನನ್ನ ಎತ್ಕೊಂಡು ಹೊರಗೆ ಬಂದ್ಬಿಟ್ರು. ಆಗ ನಂಗೂ ಆ ಮಗುವಿನಷ್ಟೇ ವಯಸ್ಸು. ಅದು ಮನೆ ಸೇರ್ತು ಅಂತ ಇವತ್ತು ಗೊತ್ತಾಯ್ತು.”