ಒಂದು ಗೇಣು ಜಾಗ

"ದೊಡ್ಡಪ್ಪ, ನೀವು ಆ ತುದೀಲಿ ನಿಂತ್ಕೊಳ್ತೀರಾ?" ಎಂದು ಅವಳು ಕೇಳಿದಳು. ಐಷಾರಾಮಿ ರೆಸಾರ್ಟಿನ ಕಡಲದಂಡೆಯಲ್ಲಿ ಕಂಪನಿಯವರೆಲ್ಲ ಒಂದೇ ಥರದ ಬಿಳಿ ಟೀ ಶರ್ಟ್ ತೊಟ್ಟು, ಸಮ್ಮೇಳನದ ಗ್ರೂಪ್ ಫೋಟೋಗೆ ಸಾಲಾಗಿ ನಿಲ್ಲುತ್ತಿದ್ದರು. ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವುದು ಸಿಬ್ಬಂದಿ ವಿಭಾಗದ ಮುಖ್ಯಸ್ಥೆಯಾದ ಅವಳ ಕೆಲಸ.

ಇಡೀ ಆಫೀಸು ದೊಡ್ಡಪ್ಪ ಎಂದೇ ಕರೆಯುವ ಆ ಹಿರಿಯರು ಅವಳಿಗಿಂತ ಮೊದಲು ಅದೇ ಕುರ್ಚಿಯಲ್ಲಿ ಕೂತಿದ್ದವರು. ಕೆಲಸ ಕಲಿಸಿದವರೂ ಅವರೇ. ಸದ್ಯದಲ್ಲೇ ಕೆಲಸದಿಂದ ತೆಗೆಯಬೇಕಾದವರನ್ನು ಸಾಲಿನ ತುದಿಗೆ ನಿಲ್ಲಿಸಬೇಕು, ಆಗ ಅವರನ್ನು ಕತ್ತರಿಸಿ ಉಳಿದ ಫೋಟೋವನ್ನು ಗೋಡೆಗೆ ಹಾಕಬಹುದು ಎಂದು ನಗುತ್ತಾ ಹೇಳಿಕೊಟ್ಟಿದ್ದರು. ಅವಳೂ ನಕ್ಕಿದ್ದಳು. ಈ ಸಲ ಹೋಗುವವರಲ್ಲಿ ಅವರೂ ಒಬ್ಬರು. ಗುರುವಿಗೇ ತಿರುಮಂತ್ರ ಹಾಕುವ ದಿನ ಬರುತ್ತದೆಂದು ಅವಳು ಎಣಿಸಿರಲಿಲ್ಲ.

ದೊಡ್ಡಪ್ಪ ಅವಳ ಮುಖವನ್ನೇ ನೋಡಿದರು. ಅವಳು ಮರಳು ನೋಡಿದಳು. "ಆಗ್ಲಮ್ಮ, ಅದಕ್ಕೇನಂತೆ" ಎಂದವರೇ ಚಪ್ಪಲಿ ಕೈಯಲ್ಲಿ ಹಿಡಿದು, ಸಿಕ್ಕಿದವರ ಭುಜ ತಟ್ಟುತ್ತಾ ತುದಿಗೆ ಹೋಗಿ, ಪಕ್ಕದ ಹೊಸ ಹುಡುಗಿಯಿಂದ ಒಂದು ಗೇಣು ದೂರ ನಿಂತರು.

"ಸರ್, ಸ್ವಲ್ಪ ಒತ್ತಿ ನಿಂತ್ಕೊಳ್ಳಿ, ಮಧ್ಯೆ ಜಾಗ ಕಾಣ್ತಿದೆ" ಎಂದ ಫೋಟೋಗ್ರಾಫರ್.

ದೊಡ್ಡಪ್ಪ ಜಾಗ ಬಿಟ್ಟು ಕದಲಲಿಲ್ಲ. ಕ್ಯಾಮೆರಾ ಕಡೆ ನಗುತ್ತಲೇ, "ಇರ್ಲಿ ಬಿಡಪ್ಪ" ಎಂದರು. "ಒತ್ತಿ ನಿಂತ್ರೆ ಆಮೇಲೆ ಕತ್ತರಿಸುವಾಗ ಈ ಮಗು ತೋಳು ಹೋಗುತ್ತೆ."